ಹಿತ್ತಲ ಹತಾರಗಳಿಗೆ ಹತ್ತು ನಿಮಿಷ

ಹಾರ್ಡ್‌ವೇರ್ ಅಂಗಡಿಯಲ್ಲಿ ಗುದ್ದಲಿ ಕೊಳ್ಳುವವರನ್ನು ನೋಡಬೇಕು. ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾರೆ, ಕೈಯಲ್ಲಿ ತೂಗಿ ನೋಡುತ್ತಾರೆ, ಕಾವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಡೊಂಕು ಹುಡುಕುತ್ತಾರೆ, ಇಪ್ಪತ್ತು ರೂಪಾಯಿಗಾಗಿ ಕಾಲು ಗಂಟೆ ಚೌಕಾಸಿ ಮಾಡುತ್ತಾರೆ. ಇಷ್ಟೆಲ್ಲ ಆರಿಸಿ ತಂದದ್ದನ್ನು ಮೊದಲ ದಿನದ ಕೆಲಸ ಮುಗಿದ ಕೂಡಲೇ, ಮಣ್ಣು ಮೆತ್ತಿದ ಹಾಗೆಯೇ, ಬಚ್ಚಲ ಗೋಡೆಗೆ ಒರಗಿಸಿ ಕಾಫಿಗೆ ಒಳಗೆ ಹೋಗುತ್ತಾರೆ. ದೀಪಾವಳಿ ಹೊತ್ತಿಗೆ ಅಲಗು ತುಕ್ಕಿನ ಪುಡಿ ಉದುರಿಸುತ್ತಿರುತ್ತದೆ, ಕಾವು ಗಡಗಡ ಅಲ್ಲಾಡುತ್ತಿರುತ್ತದೆ. ‘ಈಗಿನ ಕಬ್ಬಿಣವೇ ಸರಿಯಿಲ್ಲ’ ಎಂಬ ತೀರ್ಪೂ ಬಂದಿರುತ್ತದೆ.

ಕಬ್ಬಿಣದ ಪರವಾಗಿ ಒಂದು ಮಾತು ಹೇಳಲೇಬೇಕು. ಮನೆಯ ಹಿತ್ತಲಲ್ಲಿ ವಾರಕ್ಕೆ ಒಂದೆರಡು ಗಂಟೆ ದುಡಿಯುವ ಗುದ್ದಲಿ, ಕತ್ತಿ, ಸಲಿಕೆಗಳು ದುಡಿಮೆಯಿಂದ ಸವೆಯುವುದು ತೀರಾ ಕಡಿಮೆ. ವಾರದ ಉಳಿದ ಹೊತ್ತೆಲ್ಲ ಅವು ಎಲ್ಲಿ, ಯಾವ ಸ್ಥಿತಿಯಲ್ಲಿ ಕೂತಿರುತ್ತವೆ ಎಂಬುದರ ಮೇಲೆ ಅವುಗಳ ಆಯುಷ್ಯ ನಿಂತಿದೆ. ಅಲಗಿಗೆ ಮೆತ್ತಿದ ಹಸಿ ಮಣ್ಣು ಗಂಟೆಗಟ್ಟಲೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರು, ಗಾಳಿ ಎರಡೂ ಸಿಕ್ಕರೆ ತುಕ್ಕಿಗೆ ಬೇರೇನೂ ಬೇಡ. ಉಪ್ಪಿನಂಶ ಸೇರಿದರಂತೂ ಅದರ ಓಟ ಜೋರು. ಕರಾವಳಿಯ ಗಾಳಿಯಲ್ಲಿ ಉಪ್ಪು ತಾನಾಗಿಯೇ ಇದೆ. ಉಳಿದ ಕಡೆ ನಾವೇ ಅದನ್ನು ಒದಗಿಸುತ್ತೇವೆ: ತೆಂಗಿನ ಬುಡಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ರಾಸಾಯನಿಕವಾಗಿ ಅಡುಗೆ ಉಪ್ಪಿನ ಸೋದರನೇ. ಗೊಬ್ಬರ ಬೆರೆಸಿದ ಸಲಿಕೆಯನ್ನು ತೊಳೆಯದೆ ಇಟ್ಟರೆ ವಾರದೊಳಗೆ ಅದರ ಮೈ ಕೆಂಪಾಗುವುದು ಅದಕ್ಕೇ.

ಹಾಗಾಗಿ ಕೆಲಸ ಮುಗಿದ ಮೇಲಿನ ಹತ್ತು ನಿಮಿಷವೇ ಮುಖ್ಯ. ಮಣ್ಣು ಇನ್ನೂ ಹಸಿಯಿರುವಾಗಲೇ ಬಿದಿರಿನ ಸೀಳಿನಿಂದಲೋ ಮುರಿದ ಅಡಿಕೆ ದಬ್ಬೆಯಿಂದಲೋ ಕೆರೆದು, ತೆಂಗಿನ ಸಿಪ್ಪೆಯ ಜುಂಗಿನಿಂದ ತಿಕ್ಕಿ ತೊಳೆಯಿರಿ. ಪಾತ್ರೆ ತಿಕ್ಕುವ ಕಬ್ಬಿಣದ ನಾರು ಬೇಡ, ಅದು ಮೈಯಲ್ಲಿ ಗೀರು ಬಿಡುತ್ತದೆ. ಗೀರಿನಲ್ಲಿ ನೀರು ಕೂರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆ ಹೀರಿದ ಬಟ್ಟೆಯನ್ನು ಒಮ್ಮೆ ಅಲಗಿನ ಎರಡೂ ಮೈಗೆ ಎಳೆದರೆ ಮುಗಿಯಿತು. ಎಣ್ಣೆ ಕಣ್ಣಿಗೆ ಕಾಣುವಷ್ಟು ಬೇಕಾಗಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಒಳ್ಳೆಯದು. ಇಲ್ಲದಿದ್ದರೆ ಕೊಬ್ಬರಿ ಎಣ್ಣೆ ಇದ್ದೇ ಇದೆ, ಬಾಳೆಗೊನೆ, ಸೊಪ್ಪು, ತರಕಾರಿ ಕೊಯ್ಯುವ ಕತ್ತಿಗೆ ಅದೇ ಸರಿ. ಗ್ಯಾರೇಜಿನಿಂದ ತಂದ ಕರಿ ಆಯಿಲ್ ಹಚ್ಚುವ ರೂಢಿ ಬಹಳ ಕಡೆ ಇದೆ. ತರಕಾರಿ ಮಡಿಗೆ ಇಳಿಯುವ ಗುದ್ದಲಿಗೆ ಅದು ಬೇಡವೇ ಬೇಡ: ಎಂಜಿನ್ನಿನಲ್ಲಿ ಬೆಂದು ಲೋಹದ ಕಣಗಳನ್ನು ಹೊತ್ತ ಎಣ್ಣೆ ಅದು, ಹೋಗಿ ಸೇರುವುದು ನಮ್ಮ ಮೂಲಂಗಿಗೆ.

ಹಲಸು, ಬಾಳೆ ಕಡಿದ ಕತ್ತಿಯ ಕಥೆ ಬೇರೆ. ಹಲಸಿನ ಮೇಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಹಣ್ಣು ಕೊಯ್ಯುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರುವುದು ಎಲ್ಲ ಮನೆಗಳಲ್ಲೂ ಇದೆ. ಅದನ್ನೇ ಹಲಸಿನ ಕೊಂಬೆ ಸವರುವಾಗ ಯಾರೂ ಮಾಡುವುದಿಲ್ಲ. ಬಾಳೆಯ ಸೊನೆ ತಾಗಿ ಅಲಗು ಕಪ್ಪಾದರೆ ಗಾಬರಿ ಬೇಡ. ಸೊನೆಯಲ್ಲಿರುವ ಒಗರಿನಂಶ ಕಬ್ಬಿಣದೊಡನೆ ಸೇರಿ ಆದ ಬಣ್ಣ ಅದು. ತುಕ್ಕಲ್ಲ, ಕತ್ತಿಗೆ ಅಪಾಯವೂ ಇಲ್ಲ.

ಈಗಾಗಲೇ ತುಕ್ಕು ಹಿಡಿದಿದ್ದರೆ ಅಡುಗೆಮನೆಯ ಹುಣಸೆಹಣ್ಣೇ ಮದ್ದು. ಹಿತ್ತಾಳೆ ದೀಪ ಬೆಳಗುವ ಆ ಹುಳಿಯೇ ತುಕ್ಕನ್ನೂ ಕರಗಿಸುತ್ತದೆ. ತೆಳುವಾದ ತುಕ್ಕಿಗೆ ಹಿಂಡಿದ ಹುಣಸೆಯ ಗಟ್ಟಿಯನ್ನು ಬಳಿದು ಗಂಟೆ ಬಿಟ್ಟು ತಿಕ್ಕಿದರೆ ಸಾಕು. ಪದರು ಕಟ್ಟಿದ್ದರೆ ಹುಣಸೆ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿಡಿ. ಎರಡು ಮೂರು ದಿನ ಮರೆತುಬಿಟ್ಟರೆ ಹುಳಿ ತುಕ್ಕನ್ನು ಮುಗಿಸಿ ಕಬ್ಬಿಣವನ್ನೂ ತಿನ್ನಲು ಶುರುಮಾಡುತ್ತದೆ. ತೆಗೆದ ಮೇಲೆ ಬೂದಿ ನೀರಿನಲ್ಲೋ ಸೋಡಾ ನೀರಿನಲ್ಲೋ ಅದ್ದಿ ಹುಳಿ ತಣಿಸಿ, ತೊಳೆದು, ಬಿಸಿಲಿಗಿಟ್ಟು, ಬಿಸಿ ಆರುವ ಮೊದಲೇ ಎಣ್ಣೆ ಹಚ್ಚಿ. ಈ ಕೊನೆಯ ಹಂತ ಸಂಜೆಗೆ ಮುಂದೂಡುವಂಥದ್ದಲ್ಲ. ಬೆತ್ತಲಾದ ಕಬ್ಬಿಣ ಮಳೆಗಾಲದ ಗಾಳಿಯಲ್ಲಿ ಗಂಟೆಯೊಳಗೆ ಮತ್ತೆ ಕೆಂಪು ತಿರುಗುತ್ತದೆ.

ಬಾಯಿ ಮಸೆಯುವುದು

ಮೊಂಡು ಕತ್ತಿ ಹರಿತದ ಕತ್ತಿಗಿಂತ ಅಪಾಯ. ಕಚ್ಚಬೇಕಾದ ಕಡೆ ಕಚ್ಚದೆ ಜಾರುತ್ತದೆ, ಜಾರಿದ್ದು ಮೊಣಕಾಲಿಗೆ ಬರುತ್ತದೆ. ಮೊಂಡು ಗುದ್ದಲಿ ಅಷ್ಟು ಕ್ರೂರಿಯಲ್ಲ, ಸೊಂಟಕ್ಕಷ್ಟೇ ಕೆಲಸ ಕೊಡುತ್ತದೆ. ಅಂಗಡಿಯಿಂದ ತಂದ ಹೊಸ ಗುದ್ದಲಿಗೆ ಬಾಯಿಯೇ ಇರುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಬಣ್ಣ ಬಳಿದ ದಪ್ಪ ಅಂಚು ಬಿಟ್ಟು ಮಾರುತ್ತಾರೆ, ಬಾಯಿ ಕೊಡುವ ಕೆಲಸ ಕೊಂಡವರದು.

ಬೇಕಾದ ಸಾಮಾನು ಎರಡು: ಹತ್ತು ಇಂಚಿನ ಚಪ್ಪಟೆ ಅರ, ಮತ್ತು ಒಂದು ಬದಿ ಒರಟು ಇನ್ನೊಂದು ಬದಿ ನಯ ಇರುವ ಕಾರ್ಬೊರಂಡಮ್ ಮಸೆಗಲ್ಲು. ಅರದ ಬಾಲಕ್ಕೆ ಮರದ ಹಿಡಿ ಹಾಕಿಸದೆ ಕೆಲಸಕ್ಕೆ ಇಳಿಯಬೇಡಿ. ಅರ ಎಲ್ಲಾದರೂ ತಡೆದು ನಿಂತರೆ ಆ ಚೂಪು ಬಾಲ ನೇರ ಅಂಗೈಗೆ ಹೊಗುತ್ತದೆ.

ಕೋನದ ವಿಷಯ. ಅಲಗಿನ ಮೈಗೂ ಅರಕ್ಕೂ ನಡುವೆ ಎಷ್ಟು ಓರೆ ಇರಬೇಕು ಎಂಬುದು ಕೆಲಸವನ್ನು ನೋಡಿಕೊಂಡು ನಿರ್ಧರಿಸಬೇಕಾದ್ದು. ಸೊಪ್ಪು, ಬಳ್ಳಿ ಸವರುವ ಕತ್ತಿಗೆ ಸುಮಾರು 20ರಿಂದ 25 ಡಿಗ್ರಿ, ಸೌದೆ ಸೀಳುವ ಕೊಡಲಿಗೆ ಇನ್ನೂ ಐದು ಹೆಚ್ಚು, ಕಲ್ಲು ಬೆರೆತ ಮಣ್ಣು ಅಗೆಯುವ ಗುದ್ದಲಿಗೆ 40–45. ಗುದ್ದಲಿಗೆ ಕತ್ತಿಯಷ್ಟು ತೆಳು ಬಾಯಿ ಕೊಟ್ಟರೆ ಮೊದಲ ಕಲ್ಲಿಗೇ ಹಲ್ಲು ಬೀಳುತ್ತದೆ. ಅಳೆಯಲು ಕೋನಮಾಪಕ ಬೇಡ. ಹಾಳೆಯ ಮೂಲೆ 90 ಡಿಗ್ರಿ. ಅದನ್ನು ಅಂಚಿಗೆ ಅಂಚು ಕೂಡುವಂತೆ ಮಡಿಸಿದರೆ 45, ಇನ್ನೊಮ್ಮೆ ಮಡಿಸಿದರೆ 22 ಚಿಲ್ಲರೆ. ಆ ಮಡಿಕೆಯನ್ನು ಅಲಗಿನ ಪಕ್ಕ ಹಿಡಿದು ಅರವನ್ನು ಒರಗಿಸಿ ಒಮ್ಮೆ ಕಣ್ಣಿಗೆ ರೂಢಿ ಮಾಡಿಕೊಂಡರೆ ಆಯಿತು, ಆಮೇಲೆ ಕೈಯೇ ನೆನಪಿಟ್ಟುಕೊಳ್ಳುತ್ತದೆ.

ಹತಾರ ಅಲುಗದ ಹಾಗೆ ಹಿಡಿಯುವುದರಲ್ಲಿ ಅರ್ಧ ಕೆಲಸವಿದೆ. ಗುದ್ದಲಿಯನ್ನು ಕಟ್ಟೆಯ ಮೇಲೆ ಬಾಯಿ ಹೊರಗೆ ಚಾಚುವಂತೆ ಇಟ್ಟು ಕಾವನ್ನು ಕಾಲಡಿ ಒತ್ತಿ ಹಿಡಿಯಬಹುದು. ಕತ್ತಿಗಾದರೆ ಹಲಗೆಯ ಮೇಲೆ ಎರಡು ಮೊಳೆ ಹೊಡೆದು ಅದರ ಬೆನ್ನನ್ನು ಮೊಳೆಗೆ ಆನಿಸಿ. ಬಾಯಿಯ ಉದ್ದಕ್ಕೂ ಮಕ್ಕಳ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿಕೊಳ್ಳಿ. ಅರ ಎಲ್ಲಿ ತಾಗಿದೆಯೋ ಅಲ್ಲಿ ಬಣ್ಣ ಹೋಗುತ್ತದೆ. ಬಣ್ಣ ತುದಿಯಲ್ಲೇ ಉಳಿದು ಮೇಲೆ ಮಾತ್ರ ಹೋದರೆ ಅರ ಮಲಗಿದ್ದು ಹೆಚ್ಚಾಯಿತು, ತುದಿ ಮಾತ್ರ ಹೊಳೆದರೆ ಎದ್ದದ್ದು ಹೆಚ್ಚಾಯಿತು.

ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ತರುವಾಗ ಎತ್ತಿಬಿಡಬೇಕು. ಅದರ ಹಲ್ಲುಗಳು ಮುಂದಕ್ಕೆ ಬಾಗಿರುವುದರಿಂದ ಹಿಂದಕ್ಕೆ ಉಜ್ಜಿದರೆ ಸವೆಯುವುದು ಅರವೇ. ಹಿಂದೆ ಮುಂದೆ ಗರಗಸದಂತೆ ಆಡಿಸುವವರ ಅರ ಎರಡು ಹಂಗಾಮಿಗೆ ನುಣ್ಣಗಾಗುವುದನ್ನು ನೋಡಿದ್ದೇನೆ. ಹಲ್ಲಿನ ನಡುವೆ ಕಬ್ಬಿಣದ ಪುಡಿ ಸಿಕ್ಕಿಕೊಳ್ಳದಿರಲು ಮೊದಲೇ ಸೀಮೆಸುಣ್ಣ ತಿಕ್ಕಿಕೊಳ್ಳಿ. ಅರಕ್ಕೆ ಮಾತ್ರ ಎಣ್ಣೆ ಹಾಕಬಾರದು, ಹಾಕಿದರೆ ಅದು ಕಚ್ಚುವುದಿಲ್ಲ.

ಸರಿಯಾಗಿ ಅರ ಹಾಕಿದ ಬಾಯಿಯ ಹಿಂಬದಿಗೆ ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಮೆಲ್ಲಗೆ ಸರಿಸಿದರೆ ಸಣ್ಣದೊಂದು ಒರಟು ಸಿಗುತ್ತದೆ. ತುದಿ ತೆಳುವಾಗಿ ಆಚೆಗೆ ಮಗುಚಿಕೊಂಡಿದೆ ಎಂದರ್ಥ, ಅಲ್ಲಿಗೆ ಅರದ ಕೆಲಸ ಮುಗಿಯಿತು. ಆ ಮಗುಚಿದ್ದನ್ನು ತೆಗೆಯುವುದು ಮಸೆಗಲ್ಲಿನ ಪಾಲು: ಕಲ್ಲನ್ನು ನೀರಲ್ಲಿ ನೆನೆಸಿ, ನಯವಾದ ಬದಿಯಿಂದ ಅದೇ ಓರೆಯಲ್ಲಿ ಎರಡೂ ಮೈಗೆ ಸುತ್ತು ಸುತ್ತಾಗಿ ತಿಕ್ಕಿ. ಗುದ್ದಲಿಗೆ ಇದೂ ಬೇಡ. ಹರಿತವಾಯಿತೇ ಎಂದು ಬೆರಳಿಟ್ಟು ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಬದಲಿಗೆ ಕತ್ತಿಯನ್ನು ಬೆಳಕಿಗೆ ಬಾಯಿ ಮೇಲಾಗಿ ಹಿಡಿದು ನೋಡಿ. ಮೊಂಡಾದ ಜಾಗದಲ್ಲಿ ಬೆಳಕು ಬಿದ್ದು ಬಿಳಿ ಗೆರೆ ಕಾಣುತ್ತದೆ. ನಿಜವಾಗಿ ಹರಿತವಾದ ಬಾಯಿಗೆ ಬೆಳಕು ಕೂರುವಷ್ಟು ಅಗಲ ಇರುವುದಿಲ್ಲ, ಅದು ಕಾಣುವುದೇ ಇಲ್ಲ.

ಇಷ್ಟೆಲ್ಲ ಏಕೆ, ಗ್ರೈಂಡರ್‌ಗೆ ಹಿಡಿದರೆ ಎರಡು ನಿಮಿಷದ ಕೆಲಸ ಎನ್ನುವವರಿದ್ದಾರೆ. ಎರಡು ನಿಮಿಷದ್ದೇ, ಆದರೆ ಕಮ್ಮಾರ ಹಾಕಿದ ಹದವೂ ಆ ಎರಡು ನಿಮಿಷದಲ್ಲೇ ಹೋಗುತ್ತದೆ. ಓಡುವ ಚಕ್ರಕ್ಕೆ ಒತ್ತಿದ ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಉಕ್ಕಿಗೆ ನೀಲಿ ಬಣ್ಣ ಬರುತ್ತದೆ. ನೀಲಿಯಾದ ಕಡೆ ಉಕ್ಕು ಮೆತ್ತಗಾಗಿದೆ, ಅಲ್ಲಿ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಗ್ರೈಂಡರ್ ಬಳಸಲೇಬೇಕಾದರೆ ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು, ಒಂದೊಂದು ಎಳೆತಕ್ಕೂ ಅದ್ದಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮಾಡಿ. ಬೀದಿಯಲ್ಲಿ ಬರುವ ಸಾಣೆಯವರಿಗೂ ‘ನಿಧಾನ, ನೀರು ಹಾಕಿ’ ಎಂದು ಹೇಳಲು ಸಂಕೋಚ ಬೇಡ.

ಗಿಡ ಸವರುವ ಕತ್ತರಿಗೆ, ತೋಟದವರು ಸಿಕೇಚರ್ ಎನ್ನುವುದಕ್ಕೆ, ಎರಡು ಅಲಗಿದ್ದರೂ ಮಸೆಯಬೇಕಾದ್ದು ಒಂದೇ: ಓರೆ ಇರುವ ಹೊರಮೈ. ಒಳಮೈಯ ಚಪ್ಪಟೆಗೆ ಓರೆ ಕೊಟ್ಟರೆ ಎರಡು ಅಲಗಿನ ನಡುವೆ ಸಂದು ಬಿಟ್ಟು ಕಡ್ಡಿ ತುಂಡಾಗದೆ ಜಜ್ಜಿ ಹೋಗುತ್ತದೆ. ರೋಗ ಬಿದ್ದ ಗುಲಾಬಿಯೋ ನಿಂಬೆಯೋ ಕತ್ತರಿಸಿದ ಮೇಲೆ ಸ್ಪಿರಿಟ್‌ನಲ್ಲಿ ಒರೆಸದೆ ಪಕ್ಕದ ಗಿಡಕ್ಕೆ ಹೋಗಬೇಡಿ. ಹೊಸ ಬಗೆಯ ಸವರು ಗರಗಸಗಳ ಹಲ್ಲಿನ ತುದಿ ನೀಲಿಯಾಗಿದ್ದರೆ ಅದನ್ನು ಅರದಿಂದ ಮುಟ್ಟಬೇಡಿ. ಇಲ್ಲಿಯ ನೀಲಿ ಬೇಕೆಂದೇ ಗಡಸು ಮಾಡಿದ್ದರ ಗುರುತು, ಅರವೇ ಹಾಳಾಗುತ್ತದೆ. ಮೊಂಡಾದರೆ ಅಲಗು ಬದಲಿಸುವುದೊಂದೇ ದಾರಿ.

ಬಾಯಿ ಮುಕ್ಕಾದ, ಸವೆದು ಗಿಡ್ಡಾದ ಗುದ್ದಲಿಗೆ ಇನ್ನೂ ಕುಲುಮೆಯೇ ಗತಿ. ಕಾಸಿ, ಬಡಿದು, ಬಾಯಿ ಎಳೆದು, ಮತ್ತೆ ಹದ ಹಾಕಿಕೊಡುವವರು ನಿಮ್ಮ ಊರಿನ ಸಂತೆ ಬೀದಿಯಲ್ಲಿ ಒಬ್ಬರಾದರೂ ಉಳಿದಿದ್ದರೆ ಅವರ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಅವರು ಮಾಡಿಕೊಡುವ ಕತ್ತಿಯ ಮುಂದೆ ಪ್ಲಾಸ್ಟಿಕ್ ಹಿಡಿಯ ಅಂಗಡಿ ಕತ್ತಿ ಏನೂ ಅಲ್ಲ.

ಕಾವು, ಬೆಣೆ

ಬೇಸಿಗೆಯಲ್ಲಿ ಕಾವು ಸಡಿಲವಾದರೆ ರಾತ್ರಿಯಿಡೀ ನೀರಿನ ತೊಟ್ಟಿಯಲ್ಲಿ ಗುದ್ದಲಿ ಮುಳುಗಿಸಿಟ್ಟು ಬೆಳಿಗ್ಗೆ ‘ಬಿಗಿಯಾಯ್ತು’ ಎಂದು ಕೆಲಸಕ್ಕೆ ಹೋಗುವುದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದ ಉಪಾಯ. ಇದು ಆ ದಿನಕ್ಕೆ ಮಾತ್ರ. ನೆನೆದ ಮರ ಉಬ್ಬಿದಾಗ ಸುತ್ತಲಿನ ಕಬ್ಬಿಣ ಜಾಗ ಕೊಡುವುದಿಲ್ಲ, ಮರದ ಎಳೆಗಳೇ ಒಳಗೊಳಗೆ ನಜ್ಜುಗುಜ್ಜಾಗುತ್ತವೆ. ಒಣಗಿದಾಗ ಕಾವು ಮೊದಲಿಗಿಂತ ಸಣ್ಣದಾಗಿರುತ್ತದೆ. ಹೀಗೆ ನಾಲ್ಕು ಸಲ ನೆನೆಸಿದ ಕಾವು ಐದನೆಯ ಸಲ ತಲೆಯನ್ನೇ ಹಾರಿಸುತ್ತದೆ, ಎದುರಿಗೆ ಯಾರಿದ್ದಾರೆ ಎಂದು ಅದು ನೋಡುವುದಿಲ್ಲ.

ಸರಿಯಾದ ಕ್ರಮ ಒಣಗಿದ ಮರದಲ್ಲೇ ಇದೆ. ಕೊಡಲಿ, ಸುತ್ತಿಗೆಗಳ ತಲೆ ಸಡಿಲವಾದರೆ ತಲೆ ಕೆಳಗಾಗುವಂತೆ ಕಾವನ್ನು ಗಾಳಿಯಲ್ಲಿ ತೂಗಿ ಹಿಡಿಯಿರಿ. ತಲೆ ನೆಲಕ್ಕೆ ತಾಗಬಾರದು. ಈಗ ಕಾವಿನ ಮೇಲ್ತುದಿಗೆ ಮರದ ಕೊಡತಿಯಿಂದ ಹೊಡೆಯಿರಿ. ಪ್ರತಿ ಏಟಿಗೂ ಕಾವು ಕೆಳಕ್ಕೆ ಜಾರುತ್ತದೆ, ಭಾರದ ತಲೆ ಇದ್ದಲ್ಲೇ ನಿಲ್ಲಲು ನೋಡುತ್ತದೆ. ನೋಡನೋಡುತ್ತ ತಲೆ ಕಾವಿನ ಮೇಲೆ ಹತ್ತಿ ಕೂರುತ್ತದೆ. ಇನ್ನೂ ಸಂದು ಉಳಿದರೆ ಕಾವಿನ ತುದಿಯಲ್ಲಿ ಸೀಳು ಕೊಟ್ಟು ಒಣ ಹುಣಸೆಯದೋ ಜಾಲಿಯದೋ ಬೆಣೆ ಹೊಡೆದು, ಹೊರಗೆ ಉಳಿದದ್ದನ್ನು ಕತ್ತರಿಸಿ. ಹಸಿ ಮರದ ಬೆಣೆ ಒಣಗಿ ಉದುರಿಹೋಗುತ್ತದೆ.

ಹೊಸ ಕಾವಿಗೆ ಬಯಲುಸೀಮೆಯಲ್ಲಿ ಜಾಲಿ, ಮಲೆನಾಡಿನ ಕಡೆ ದಿಂಡಿಗ ಹೆಸರಾದ ಮರಗಳು. ಗಾಡಿಯ ಅಚ್ಚಿಗೇ ಆಗುತ್ತಿದ್ದ ಮರ ದಿಂಡಿಗ. ಗುದ್ದಲಿಯ ಏಟು ಅದಕ್ಕೆ ಲೆಕ್ಕವಿಲ್ಲ. ಯಾವ ಮರವಾದರೂ ಎಳೆಗಳು ಕಾವಿನ ಉದ್ದಕ್ಕೆ ಓಡಿರಬೇಕು. ನಡುವೆ ಎಳೆ ಪಕ್ಕಕ್ಕೆ ಹೊರಟುಹೋಗಿದ್ದರೆ ಮುರಿಯುವುದು ಅಲ್ಲಿಯೇ. ಅಂಗಡಿಯ ಕಾವಿಗೆ ಬಳಿದ ಹೊಳೆಯುವ ವಾರ್ನಿಷ್ ಬೆವರಿಗೆ ಅಂಟಿ ಅಂಗೈಗೆ ಗುಳ್ಳೆ ಎಬ್ಬಿಸುತ್ತದೆ. ಅದನ್ನು ಉಪ್ಪುಕಾಗದದಿಂದ ತೆಗೆದು ಅಗಸೆ ಎಣ್ಣೆ ಕುಡಿಸಿ. ಕೊಬ್ಬರಿ ಎಣ್ಣೆ ಮರದ ಮೇಲೆ ಒಣಗುವುದಿಲ್ಲ, ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ನೀರನ್ನು ತಡೆಯುತ್ತದೆ. ಒಂದೇ ಎಚ್ಚರ: ಈ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಒಳಗೇ ಕೂಡಿ ತಾನಾಗಿ ಹೊತ್ತಿಕೊಳ್ಳಬಹುದು. ಹಗ್ಗದ ಮೇಲೆ ಬಿಡಿಸಿ ಒಣಗಲು ಹಾಕಿ.

ಗೋಡೆಗೊಂದು ಹಲಗೆ

ಹಿತ್ತಲಿನಲ್ಲಿ ಸ್ವಂತ ಕೈಯಿಂದ ಏನಾದರೂ ಮಾಡಬೇಕೆಂದು ಹಂಬಲಿಸುವವರು ಉಯ್ಯಾಲೆಯನ್ನೋ ಕಾರಂಜಿಯನ್ನೋ ಬದಿಗಿಟ್ಟು ಮೊದಲು ಹತಾರ ನೇತುಹಾಕುವ ಹಲಗೆ ಮಾಡಿಕೊಳ್ಳಲಿ ಎಂದು ನನ್ನ ಹಟ. ಹಳೆಯ ಬಾಗಿಲಿನ ಹಲಗೆ, ಇಲ್ಲವೇ 18 ಮಿ.ಮೀ. ಪ್ಲೈವುಡ್ ತುಂಡು, ನಾಲ್ಕಡಿ ಉದ್ದ ಒಂದಡಿ ಅಗಲ ಸಾಕು. ಸೂರಿನಡಿ, ಮಳೆಯ ಎರಚಲು ಬಾರದ ಗೋಡೆ ಆರಿಸಿ. ಎರಚಲು ಎಂದರೆ ಮೇಲಿಂದ ಬರುವುದಷ್ಟೇ ಅಲ್ಲ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವುದು ಎರಡಡಿ ಎತ್ತರಕ್ಕಾದರೂ ಹೋಗುತ್ತದೆ. ನೇತುಹಾಕಿದ ಹತಾರದ ಕೆಳತುದಿ ಅದಕ್ಕಿಂತ ಮೇಲಿರಬೇಕು.

ಹಲಗೆಯನ್ನು ಗೋಡೆಗೆ ಅಂಟಿಸಿ ಬಿಗಿಯಬೇಡಿ. ಹಿಂದೆ ಒಂದಿಂಚಿನ ಮರದ ತುಂಡು ಕೊಟ್ಟು ಗಾಳಿ ಆಡಲು ಬಿಟ್ಟರೆ ಹಲಗೆಗೂ ಬೂಷ್ಟು ಬರುವುದಿಲ್ಲ, ಗೆದ್ದಲು ಹತ್ತಿದರೆ ಕಣ್ಣಿಗೂ ಬೀಳುತ್ತದೆ. ಜಂಬಿಟ್ಟಿಗೆ ಗೋಡೆಯಲ್ಲಿ ಸಣ್ಣ ಪ್ಲಗ್ ನಿಲ್ಲುವುದಿಲ್ಲ. ಉದ್ದನೆಯ ಪ್ಲಗ್, ಮೂರಿಂಚಿನ ಸ್ಕ್ರೂ ಬೇಕು. ಗುದ್ದಲಿ, ಸಲಿಕೆಗಳಿಗೆ ಎರಡೆರಡು ದಪ್ಪ ಮೊಳೆಗಳನ್ನು ಕಾವಿನ ಅಗಲಕ್ಕಿಂತ ತುಸು ದೂರ ಹೊಡೆದರೆ ತಲೆ ಮೇಲೆ ಕೂತು ಕಾವು ಕೆಳಗೆ ಇಳಿಬೀಳುತ್ತದೆ. ಮೂರಿಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಮುಂಬದಿ ಸೀಳಿ ಸ್ಕ್ರೂ ಹಾಕಿದರೆ ಕಳೆ ಕೀಳುವ ಸಣ್ಣ ಸಾಮಾನಿಗೆ ಗೂಡಾಗುತ್ತದೆ. ಕತ್ತಿಗೆ ಮಾತ್ರ ಬಾಯಿ ಮುಚ್ಚುವ ಜಾಗ ಬೇಕು: ಎರಡು ಪಟ್ಟಿಗಳ ನಡುವೆ ಸಂದು ಬಿಟ್ಟು, ಮಕ್ಕಳ ಕೈಗೆಟುಕದ ಎತ್ತರದಲ್ಲಿ. ಕೊನೆಗೆ ಪ್ರತಿಯೊಂದರ ಆಕಾರವನ್ನೂ ಹಲಗೆಯ ಮೇಲೆ ಮಾರ್ಕರಿನಿಂದ ಬರೆದುಬಿಡಿ. ಖಾಲಿ ಚಿತ್ರ ಕಂಡ ಕೂಡಲೇ ಪಿಕಾಸಿ ಪಕ್ಕದ ಮನೆಯಲ್ಲಿದೆ ಎಂದು ಗೊತ್ತಾಗುತ್ತದೆ. ಕೇಳುವ ದಾಕ್ಷಿಣ್ಯಕ್ಕೆ ಮಾತ್ರ ಯಾವ ಮೊಳೆಯೂ ಇಲ್ಲ.

ತೊಂಡೆ ಚಪ್ಪರ

ಎರಡನೆಯ ಕೆಲಸ ಚಪ್ಪರ. ಹೀರೆ, ಪಡವಲಕ್ಕೆ ನಾಲ್ಕು ತಿಂಗಳ ಚಪ್ಪರ ನಡೆದೀತು. ತೊಂಡೆ ಹಾಗಲ್ಲ, ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕಾಯಿ ಬಿಡುತ್ತದೆ. ಬಳ್ಳಿ ಬಲವಾದ ವರ್ಷವೇ ಚಪ್ಪರ ಕುಸಿಯುವುದು ಸಾಮಾನ್ಯ. ಕಂಬ ಮುರಿಯುವುದು ನೆಲದ ಮಟ್ಟದಲ್ಲಿ. ಮಣ್ಣಿನೊಳಗೆ ಆಳದಲ್ಲಿ ಗಾಳಿಯಿಲ್ಲ, ಮೇಲೆ ನೀರು ನಿಲ್ಲುವುದಿಲ್ಲ. ಎರಡೂ ಸಿಗುವ ಆ ಗೇಣುದ್ದದಲ್ಲೇ ಮರ ಕೊಳೆಯುತ್ತದೆ. ಕಲ್ಲುಕಂಬ ಸುಲಭಕ್ಕೆ ಸಿಗುವ ಬಯಲುಸೀಮೆಯವರಿಗೆ ಈ ಚಿಂತೆಯೇ ಇಲ್ಲ. ಬಿದಿರು, ಅಡಿಕೆ ಮರದವರು ಹೀಗೆ ಮಾಡಬಹುದು: ಎರಡಡಿ ಉದ್ದದ ಕಬ್ಬಿಣದ ಆ್ಯಂಗಲ್ ತುಂಡನ್ನು ಒಂದೂವರೆ ಅಡಿ ಗುಂಡಿಯಲ್ಲಿ ನಿಲ್ಲಿಸಿ ಕಾಂಕ್ರೀಟ್ ಹಾಕಿ, ಸಿಮೆಂಟ್ ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು. ಮೇಲ್ಮೈಯನ್ನು ನೀರು ಹರಿದುಹೋಗುವಂತೆ ಸುತ್ತ ಇಳಿಜಾರು ಮಾಡಿ. ಕಾಂಕ್ರೀಟಿಗೆ ವಾರ ಕಾಲ ನೀರುಣಿಸಿದ ಮೇಲೆ ಕಂಬವನ್ನು ನೆಲಕ್ಕೆ ತಾಗದ ಹಾಗೆ, ಮೂರು ಬೆರಳು ಮೇಲಿಟ್ಟು ಆ್ಯಂಗಲ್‌ಗೆ ಎರಡು ಬೋಲ್ಟ್ ಹಾಕಿ ಬಿಗಿಯಿರಿ. ಕಂಬ ಹಳತಾದರೂ ಬೋಲ್ಟ್ ಬಿಚ್ಚಿ ಬದಲಿಸಿದರಾಯಿತು, ಗುಂಡಿ ತೋಡುವ ಕೆಲಸ ಮತ್ತೆ ಇಲ್ಲ.

ಬಿದಿರನ್ನು ಮಳೆಗಾಲ ಕಳೆದ ಮೇಲೆ ಕಡಿಯುವುದು, ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಡುವುದು ಹಳಬರ ಕ್ರಮ. ಅದರ ಹಿಂದೆ ಲೆಕ್ಕವಿದೆ: ಬಿದಿರು ಕೊರೆಯುವ ಹುಳಕ್ಕೆ ಬೇಕಾದ ಪಿಷ್ಟ ಆ ಕಾಲದಲ್ಲಿ ಕಡಿಮೆ, ಉಳಿದದ್ದು ನೀರಿನಲ್ಲಿ ಕರಗಿಹೋಗುತ್ತದೆ. ಕಂಬದ ಮೇಲ್ತುದಿಯನ್ನು ಗೆಣ್ಣಿನ ಮೇಲಕ್ಕೆ ಸರಿಯಾಗಿ ಕತ್ತರಿಸಿ. ಗೆಣ್ಣಿಗಿಂತ ಗೇಣು ಮೇಲೆ ಕತ್ತರಿಸಿದರೆ ಅದೊಂದು ಲೋಟವಾಗಿ ಮಳೆನೀರು ನಿಂತು, ಡೆಂಗಿ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಈಗಾಗಲೇ ಹಾಗೆ ಕತ್ತರಿಸಿದ್ದರೆ ಮರಳು ತುಂಬಿಬಿಡಿ.

ಹತ್ತಡಿಗೆ ಹತ್ತಡಿ ಚಪ್ಪರಕ್ಕೆ ಸುತ್ತಂಚಿಗೆ 10 ಗೇಜಿನ ಜಿಐ ತಂತಿ, ಒಳಗಿನ ಅಡಿಗೊಂದರ ಜಾಲಿಗೆ 14 ಗೇಜು. ಜಾಲಿಗೆ ಒಟ್ಟು ಇನ್ನೂರು ಅಡಿ ಆಸುಪಾಸು ಬೇಕು, 14 ಗೇಜಿನದು ಎರಡು ಕೆ.ಜಿ. ತಂದರೆ ಮಿಗುತ್ತದೆ. ಎತ್ತರ ಆರೂವರೆ ಅಡಿ ಇರಲಿ, ಕಾಯಿ ತೂಗಿದರೂ ತಲೆಗೆ ತಾಗಬಾರದು. ಜಾಲಿ ಬಿಗಿದಂತೆಲ್ಲ ಮೂಲೆಯ ಕಂಬಗಳು ಒಳಕ್ಕೆ ವಾಲುತ್ತವೆ. ಪ್ರತಿ ಮೂಲೆಯಿಂದ ಹೊರಕ್ಕೆ ಎಳೆತಂತಿ ತಂದು, ನೆಲದಲ್ಲಿ ಹೂತ ಕಲ್ಲಿಗೆ ಕಟ್ಟಿದ ಮೇಲೇ ಜಾಲಿಗೆ ಕೈಹಾಕಿ. ತಂತಿಯ ಬದಲು ಅಗ್ಗದ ಪ್ಲಾಸ್ಟಿಕ್ ಬಲೆ ಹಾಸಿದರೆ ಬಿಸಿಲಿಗೆ ಬೇಗನೆ ಪುಡಿಯಾಗುತ್ತದೆ; ಅದಕ್ಕಿಂತ ಹೆಚ್ಚಾಗಿ ಕೇರೆಹಾವು, ಹಕ್ಕಿಗಳು ಸಿಕ್ಕಿಕೊಂಡು ಒದ್ದಾಡಿ ಸಾಯುತ್ತವೆ.

ಚಪ್ಪರದ ನೆರಳಿಗೇ ಗೊಬ್ಬರದ ಗೂಡು ಇಟ್ಟುಕೊಳ್ಳಬಹುದು. ಮೂರಡಿ ಎತ್ತರದ ತಂತಿ ಬಲೆ ಹತ್ತಡಿ ತಂದು ದುಂಡಗೆ ಸುತ್ತಿ ಕಟ್ಟಿದರೆ ಮೂರಡಿ ಅಗಲದ ಗೂಡು. ಒಣ ಎಲೆ ಎರಡು ಬುಟ್ಟಿ, ಅಡುಗೆಮನೆಯ ಹಸಿ ಕಸ ಒಂದು ಬುಟ್ಟಿ. ವಾಸನೆ ಬಂದರೆ ಒಣದು ಹಾಕಿ, ಬಿಸಿಯೇ ಆಗದಿದ್ದರೆ ಹಸಿದು ಹಾಕಿ ಸ್ವಲ್ಪ ನೀರು ಚಿಮುಕಿಸಿ. ಇದರಲ್ಲಿ ಇದಕ್ಕಿಂತ ಹೆಚ್ಚಿನ ವಿದ್ಯೆ ಇಲ್ಲ.

ಪಂಪು, ಯಂತ್ರ, ದೋಟಿ

ಬೆನ್ನಿಗೆ ಹಾಕುವ ಸ್ಪ್ರೇ ಪಂಪು ಹಾಳಾಗುವುದು ಒಳಗೆ ಉಳಿದ ಔಷಧಿಯಿಂದ. ಕೆಲಸ ಮುಗಿದ ಮೇಲೆ ಬರೀ ನೀರು ತುಂಬಿ, ನಾಜಲ್ ಮೂಲಕ ಹೊರಗೆ ಬರುವವರೆಗೆ ಹೊಡೆಯಿರಿ; ಟ್ಯಾಂಕನ್ನು ಕುಲುಕಿ ಚೆಲ್ಲಿದರೆ ಪೈಪಿನಲ್ಲಿ ಉಳಿದದ್ದು ಉಳಿದೇ ಇರುತ್ತದೆ. ನಾಜಲ್ ಕಟ್ಟಿಕೊಂಡರೆ ಸೂಜಿ, ತಂತಿ ಚುಚ್ಚಬೇಡಿ, ತೂತು ಹಿಗ್ಗಿ ಹನಿ ದಪ್ಪವಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಕಳೆನಾಶಕಕ್ಕೆ ಬಳಸಿದ ಪಂಪನ್ನು ಇನ್ಯಾವುದಕ್ಕೂ ಬಳಸಬೇಡಿ. ಬ್ಯಾಟರಿ ಪಂಪನ್ನು ಬೇಸಿಗೆಯಲ್ಲಿ ಮುಟ್ಟದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಖಾಲಿಯಾಗಿ ಕೂತ ಸೀಸದ ಬ್ಯಾಟರಿ ಮತ್ತೆ ಏಳುವುದು ಕಷ್ಟ.

ಅಡಿಕೆ, ಕಾಳುಮೆಣಸು ಇರುವ ಹಿತ್ತಲಿನಲ್ಲಿ ಬೋರ್ಡೋ ದ್ರಾವಣ ತಪ್ಪಿದ್ದಲ್ಲ. ಶೇ 1ರ ಹದಕ್ಕೆ 10 ಲೀಟರಿಗೆ ಮೈಲುತುತ್ತು 100 ಗ್ರಾಂ, ಸುಣ್ಣ 100 ಗ್ರಾಂ. ಐದೈದು ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು, ಪ್ಲಾಸ್ಟಿಕ್ ಬಕೆಟ್ಟಿನಲ್ಲೇ. ಹದ ನೋಡಲು ಬೆಳಗಿದ ಕತ್ತಿಯನ್ನು ಕೆಲವು ನಿಮಿಷ ಅದ್ದುತ್ತಾರಲ್ಲ, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು? ಕಬ್ಬಿಣದ ಬಕೆಟ್ ಬಳಸಬಾರದು ಎನ್ನುವುದಕ್ಕೂ ಅದೇ ಕಾರಣ. ತಾಮ್ರ ಹೊರಗೆ ಕೂರುವಾಗ ಅಷ್ಟೇ ಕಬ್ಬಿಣ ಕರಗಿ ಒಳಗೆ ಹೋಗುತ್ತದೆ. ಪರೀಕ್ಷೆಗೆ ಅದ್ದಿದ ಕತ್ತಿಯನ್ನೂ ತೊಳೆದು ಎಣ್ಣೆ ಹಚ್ಚಿಡಿ.

ಕಳೆ ಕೊಚ್ಚುವ ಯಂತ್ರ ಇರುವವರು ಪೆಟ್ರೋಲನ್ನು ನೆನಪಿಡಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಕೂತರೆ ನೀರು ಬೇರೆಯಾಗಿ ತಳಕ್ಕಿಳಿಯುತ್ತದೆ, ಕಾರ್ಬ್ಯುರೇಟರ್ ಕಟ್ಟುತ್ತದೆ. ಹಂಗಾಮು ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಯಂತ್ರ ತಾನಾಗಿ ನಿಲ್ಲುವವರೆಗೆ ಓಡಿಸಿ ಎತ್ತಿಡಿ. ಟೂ–ಸ್ಟ್ರೋಕ್ ಎಂಜಿನ್ನಾದರೆ ಎಣ್ಣೆ ಬೆರಕೆ ಕಂಪನಿಯ ಪುಸ್ತಕದಲ್ಲಿ ಬರೆದಷ್ಟೇ: 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40. ‘ಅಂದಾಜಿಗೆ ಒಂದು ಮುಚ್ಚಳ’ ಎನ್ನುವ ಅಳತೆಯಿಂದ ಮೆಕ್ಯಾನಿಕ್‌ಗಳು ಚೆನ್ನಾಗಿ ಬದುಕುತ್ತಿದ್ದಾರೆ.

ದೋಟಿಯ ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಾಗಿದರೆ ಬದುಕುವುದು ಅಪರೂಪ ಎಂದು ಈಗ ಹೆಚ್ಚಿನವರಿಗೆ ಗೊತ್ತು. ಕಾರ್ಬನ್ ಫೈಬರ್ ದೋಟಿ ಕಪ್ಪಗೆ, ಹಗುರವಾಗಿ, ಪ್ಲಾಸ್ಟಿಕ್‌ನಂತೆ ಕಾಣುವುದರಿಂದ ‘ಇದಕ್ಕೆ ಕರೆಂಟ್ ಹಿಡಿಯುವುದಿಲ್ಲ’ ಎಂಬ ಧೈರ್ಯ ಕೆಲವರಿಗೆ ಬಂದಿದೆ. ಕಾರ್ಬನ್ ಕೂಡ ವಿದ್ಯುತ್ ಹರಿಸುತ್ತದೆ. ಒದ್ದೆಯಾದ ಬಿದಿರೂ ನಂಬಿಕೆಗೆ ಯೋಗ್ಯವಲ್ಲ. ತಂತಿ ಹಾದುಹೋಗುವ ಕಡೆಯ ಮರಕ್ಕೆ ಕೈಹಾಕುವ ಮೊದಲು ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸಿ.

ಇದನ್ನೆಲ್ಲ ಒಟ್ಟಿಗೆ ಯಾವಾಗ ಮಾಡುವುದು ಎಂದರೆ, ನಮ್ಮ ಪಂಚಾಂಗದಲ್ಲೇ ದಿನ ಗೊತ್ತಾಗಿದೆ. ಆಯುಧಪೂಜೆ ಬರುವುದು ಮುಂಗಾರು ಇಳಿದ ಮೇಲೆ. ಹತಾರಗಳು ಇಡೀ ವರ್ಷದಲ್ಲಿ ಅತಿ ಕೆಟ್ಟ ನಾಲ್ಕು ತಿಂಗಳು ಕಳೆದು ಬಂದಿರುತ್ತವೆ. ಹಿಂದಿನ ವಾರಾಂತ್ಯ ತುಕ್ಕು, ಬಾಯಿ, ಬೆಣೆಗೆ ಇಟ್ಟುಕೊಂಡರೆ ಪೂಜೆಗೆ ಸಾಲಾಗಿ ನಿಲ್ಲಿಸಲು ಮರ್ಯಾದೆಯಾಗಿರುತ್ತದೆ. ಪೂಜೆಯ ಮರುದಿನ ಇನ್ನೊಂದು ಕೆಲಸ ಉಳಿದಿರುತ್ತದೆ. ಒದ್ದೆ ಕುಂಕುಮ, ನಿಂಬೆಹಣ್ಣಿನ ರಸ ಬಿದ್ದ ಕಡೆಯೆಲ್ಲ ಕಬ್ಬಿಣಕ್ಕೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಶುರುವಾಗುತ್ತದೆ. ವಿಜಯದಶಮಿಯ ಬೆಳಿಗ್ಗೆ ಹೂವು ತೆಗೆಯುವಾಗಲೇ ಅದನ್ನೂ ಒರೆಸಿ, ಎಣ್ಣೆ ಬಟ್ಟೆ ಎಳೆದು, ಹಲಗೆಗೆ ಹಾಕಿಬಿಡಿ.